ರೇಡಿಯನ್ಸ್ ತಂತ್ರಾಂಶದಲ್ಲಿ ಪನೋರಮಾ ನೋಟದ ಪ್ರಕ್ಷೇಪಣಗಳು

ರೇಡಿಯನ್ಸ್ ತಂತ್ರಾಂಶದ ಪನೋರಮಾ ಪ್ರಕ್ಷೇಪಣಗಳು ಎಂದರೆ, ವೀಕ್ಷಕನ ಸುತ್ತಲಿನ ವಿಶಾಲವಾದ ಅಥವಾ ಸಂಪೂರ್ಣವಾದ ದೃಶ್ಯವನ್ನು ಒಂದೇ ಚಪ್ಪಟೆ ಚಿತ್ರದಲ್ಲಿ ಮೂಡಿಸಲು ಆ ಬೆಳಕಿನ ಸಿಮ್ಯುಲೇಶನ್ ತಂತ್ರಾಂಶವು ಬಳಸುವ ಗಣಿತದ ನಿಯಮಗಳು. ಚಿತ್ರದ ಪ್ರತಿಯೊಂದು ಪಿಕ್ಸೆಲ್ ಯಾವ ದಿಕ್ಕನ್ನು ನೋಡುತ್ತದೆ ಎಂಬುದನ್ನು ಪ್ರಕ್ಷೇಪಣವು ನಿರ್ಧರಿಸುತ್ತದೆ. ಮನರಂಜನೆಗಾಗಿ ಚಿತ್ರ ರಚಿಸುವ ತಂತ್ರಾಂಶಗಳಲ್ಲಿ ಪ್ರಕ್ಷೇಪಣವು ಬಹುಮಟ್ಟಿಗೆ ನೋಟದ ಅಂದಕ್ಕೆ ಸಂಬಂಧಿಸಿದ ಆಯ್ಕೆ. ಬೆಳಕಿನ ಸಿಮ್ಯುಲೇಶನ್‌ನಲ್ಲಿ ಚಿತ್ರವು ಅಳತೆಯ ಸಾಧನವೂ ಆಗಿರುತ್ತದೆ. ಅದರಿಂದ ಕೋಣೆಯ ಬೆಳಕಿನ ಪ್ರಮಾಣವನ್ನು, ಕಣ್ಣು ಕುಕ್ಕುವ ಸಾಧ್ಯತೆಯನ್ನು ಲೆಕ್ಕ ಹಾಕಲಾಗುತ್ತದೆ. ಆದುದರಿಂದ ಇಂತಹ ತಂತ್ರಾಂಶಕ್ಕೆ ಹೊಸ ಪ್ರಕ್ಷೇಪಣವೊಂದನ್ನು ಸೇರಿಸುವಾಗ ಚಿತ್ರ ಸರಿಯಾಗಿ ಕಂಡರಷ್ಟೇ ಸಾಲದು. ಪ್ರತಿ ಪಿಕ್ಸೆಲ್ ಆಕಾಶಗೋಳದ ಎಷ್ಟು ಭಾಗವನ್ನು ಪ್ರತಿನಿಧಿಸುತ್ತದೆ ಎಂಬುದೂ ನಿಖರವಾಗಿ ತಿಳಿದಿರಬೇಕು.

ಹಿನ್ನೆಲೆ

ರೇಡಿಯನ್ಸ್ ಕಟ್ಟಡಗಳ ಒಳಗಿನ ಮತ್ತು ಹೊರಗಿನ ಬೆಳಕಿನ ಹಂಚಿಕೆಯನ್ನು ಭೌತಶಾಸ್ತ್ರದ ನಿಯಮಗಳಿಗೆ ಅನುಗುಣವಾಗಿ ಲೆಕ್ಕ ಹಾಕುವ ತಂತ್ರಾಂಶಗಳ ಸಮೂಹವಾಗಿದೆ. ಇದನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಗ್ರೆಗ್ ವಾರ್ಡ್ ಅವರು 1980ರ ದಶಕದ ಮಧ್ಯಭಾಗದಿಂದ ಅಭಿವೃದ್ಧಿಪಡಿಸಿದರು. 1994ರ ಸಿಗ್ರಾಫ್ ಸಮ್ಮೇಳನದಲ್ಲಿ ತಂತ್ರಾಂಶದ ಸಮಗ್ರ ವಿವರಣೆ ಪ್ರಕಟವಾಯಿತು. ವಾರ್ಡ್ ಮತ್ತು ರಾಬ್ ಶೇಕ್ಸ್‌ಪಿಯರ್ ಅವರು ಬರೆದ 'ರೆಂಡರಿಂಗ್ ವಿತ್ ರೇಡಿಯನ್ಸ್' ಗ್ರಂಥವು 1998ರಲ್ಲಿ ಹೊರಬಂದಿತು. 2002ರಲ್ಲಿ ತಂತ್ರಾಂಶವು ಮುಕ್ತ ಆಕರ ಪರವಾನಗಿಯಡಿ ಲಭ್ಯವಾಯಿತು. ಅಂದಿನಿಂದ ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ, ತಿದ್ದಿ, ವಿಸ್ತರಿಸಲು ಸಾಧ್ಯವಾಗಿದೆ.

ರೇಡಿಯನ್ಸ್ ಒಂದೇ ದೊಡ್ಡ ತಂತ್ರಾಂಶವಲ್ಲ. ಆದೇಶದ ಸಾಲಿನಿಂದ ನಡೆಸುವ ಅನೇಕ ಸಣ್ಣ ಉಪಕರಣಗಳನ್ನು ಅದು ಒಳಗೊಂಡಿದೆ. ಆರ್‌ಪಿಕ್ಟ್ ಎಂಬುದು ಚಿತ್ರವನ್ನು ರಚಿಸುತ್ತದೆ. ಆರ್‌ಟ್ರೇಸ್ ಎಂಬುದು ತನಗೆ ನೀಡಿದ ಪ್ರತಿಯೊಂದು ಕಿರಣದ ಜಾಡು ಹಿಡಿದು ಅದರ ಬೆಲೆಯನ್ನು ಮರಳಿಸುತ್ತದೆ. ಪಿಕಾಂಬ್ ಎಂಬುದು ಚಿತ್ರಗಳ ಮೇಲೆ ಗಣಿತದ ಕ್ರಿಯೆಗಳನ್ನು ನಡೆಸುತ್ತದೆ. ಒಂದು ಉಪಕರಣದ ಫಲಿತಾಂಶವನ್ನು ಮತ್ತೊಂದು ಉಪಕರಣವು ಓದುತ್ತದೆ.

ಈ ಉಪಕರಣಗಳ ನಡುವೆ ಸಾಗುವ ಚಿತ್ರವೂ ಸಾಮಾನ್ಯ ಛಾಯಾಚಿತ್ರಕ್ಕಿಂತ ಭಿನ್ನವಾದುದು. ಪ್ರತಿ ಪಿಕ್ಸೆಲ್‌ಗೆ ನಾಲ್ಕು ಬೈಟ್‌ಗಳಿದ್ದು, ಮೂರು ಬೈಟ್‌ಗಳು ಕೆಂಪು, ಹಸಿರು, ನೀಲಿ ಬಣ್ಣಗಳಿಗೂ ನಾಲ್ಕನೆಯದು ಮೂರಕ್ಕೂ ಸಾಮಾನ್ಯವಾದ ಘಾತಾಂಕಕ್ಕೂ ಮೀಸಲಾಗಿವೆ. ಹೀಗಾಗಿ ಮೇಜಿನ ಕೆಳಗಿನ ನೆರಳು ಮತ್ತು ಕಿಟಕಿಯಲ್ಲಿ ಕಾಣುವ ಸೂರ್ಯ ಎರಡರ ನೈಜ ಬೆಲೆಗಳೂ ಒಂದೇ ಕಡತದಲ್ಲಿ ಉಳಿಯುತ್ತವೆ. ಈ ಬೆಲೆಗಳು ವ್ಯಾಟ್ ಆಧಾರಿತ ಭೌತಿಕ ಏಕಮಾನದಲ್ಲಿರುತ್ತವೆ. ಒಂದು ವ್ಯಾಟ್‌ಗೆ 179 ಲ್ಯೂಮೆನ್ ಎಂಬ ಸ್ಥಿರಾಂಕದಿಂದ ಗುಣಿಸಿ ಇವುಗಳನ್ನು ಲ್ಯೂಮಿನನ್ಸ್‌ಗೆ ಪರಿವರ್ತಿಸಲಾಗುತ್ತದೆ. ಮೇಲ್ಮೈಯೊಂದು ನಿರ್ದಿಷ್ಟ ದಿಕ್ಕಿನಿಂದ ಎಷ್ಟು ಪ್ರಕಾಶಮಾನವಾಗಿ ಕಾಣುತ್ತದೆ ಎಂಬುದರ ಅಳತೆಯೇ ಲ್ಯೂಮಿನನ್ಸ್. ಮೇಲ್ಮೈಯೊಂದರ ಮೇಲೆ ಎಲ್ಲ ದಿಕ್ಕುಗಳಿಂದ ಬಂದು ಬೀಳುವ ಬೆಳಕಿನ ಅಳತೆಯು ಇಲ್ಯೂಮಿನನ್ಸ್. ಇದರ ಏಕಮಾನ ಲಕ್ಸ್.

ಪ್ರಕ್ಷೇಪಣದ ಸ್ವರೂಪ

ಒಂದು ಬಿಂದುವಿನಲ್ಲಿ ನಿಂತ ವೀಕ್ಷಕನ ಸುತ್ತಲಿನ ಎಲ್ಲ ದಿಕ್ಕುಗಳೂ ಸೇರಿ ಒಂದು ಗೋಳವಾಗುತ್ತವೆ. ಗೋಳದ ಮೇಲ್ಮೈಯನ್ನು ಹಿಗ್ಗಿಸದೆ, ಕುಗ್ಗಿಸದೆ, ಹರಿಯದೆ ಚಪ್ಪಟೆ ಹಾಳೆಯ ಮೇಲೆ ಹರಡುವುದು ಅಸಾಧ್ಯ. ಭೂಪಟ ರಚಿಸುವವರು ಶತಮಾನಗಳಿಂದ ಎದುರಿಸಿದ ಸಮಸ್ಯೆಯೂ ಇದೇ ಆಗಿದೆ. ಕೆಲವು ಪ್ರಕ್ಷೇಪಣಗಳು ಕೋನಗಳನ್ನು ಕಾಪಾಡಿಕೊಂಡು ವಿಸ್ತೀರ್ಣವನ್ನು ಬಿಟ್ಟುಕೊಡುತ್ತವೆ, ಕೆಲವು ವಿಸ್ತೀರ್ಣವನ್ನು ಕಾಪಾಡಿಕೊಂಡು ಆಕಾರವನ್ನು ಬಿಟ್ಟುಕೊಡುತ್ತವೆ.

ಗೋಳದ ಮೇಲಿನ ಒಂದು ತುಣುಕಿನ ಗಾತ್ರವನ್ನು ಘನಕೋನ ಎನ್ನುತ್ತಾರೆ. ಇದರ ಏಕಮಾನ ಸ್ಟೆರೇಡಿಯನ್. ಇಡೀ ಗೋಳದ ಘನಕೋನ 4π, ಅಂದರೆ ಸುಮಾರು 12.57 ಸ್ಟೆರೇಡಿಯನ್. ಅರ್ಧಗೋಳದ್ದು 2π, ಅಂದರೆ ಸುಮಾರು 6.28 ಸ್ಟೆರೇಡಿಯನ್. ಚಿತ್ರದಲ್ಲಿ ಎಲ್ಲ ಪಿಕ್ಸೆಲ್‌ಗಳೂ ಒಂದೇ ಗಾತ್ರದವುಗಳಾಗಿ ಕಂಡರೂ ಅವು ಆವರಿಸುವ ಘನಕೋನಗಳು ಸಮಾನವಾಗಿರುವುದಿಲ್ಲ. ಈ ವ್ಯತ್ಯಾಸದ ಪ್ರಮಾಣವು ಪ್ರಕ್ಷೇಪಣವನ್ನು ಅವಲಂಬಿಸಿದೆ.

ಸಾಮಾನ್ಯ ಕ್ಯಾಮೆರಾದ ಪರಿಪ್ರೇಕ್ಷ್ಯ ನೋಟದಲ್ಲಿ ಸರಳರೇಖೆಗಳು ಸರಳರೇಖೆಗಳಾಗಿಯೇ ಉಳಿಯುತ್ತವೆ. ಆದರೆ ಚಿತ್ರದ ನಡುವಿನಿಂದ ಅಂಚಿಗೆ ಹೋದಂತೆ ಹಿಗ್ಗುವಿಕೆ ತೀವ್ರವಾಗುತ್ತದೆ. ನೋಟದ ನಡುವಿನ ದಿಕ್ಕಿನಿಂದ 60° ಆಚೆಗಿನ ಪಿಕ್ಸೆಲ್ ಆವರಿಸುವ ಘನಕೋನವು ನಡುವಿನ ಪಿಕ್ಸೆಲ್‌ನ ಎಂಟನೆಯ ಒಂದು ಭಾಗ ಮಾತ್ರ. 90°ಯನ್ನು ತಲುಪಬೇಕಾದರೆ ಚಿತ್ರವು ಅನಂತ ಅಗಲವಾಗಿರಬೇಕು. ಮಾನವನ ದೃಷ್ಟಿಕ್ಷೇತ್ರವು ಅಡ್ಡಲಾಗಿ ಸುಮಾರು 180°ಯಷ್ಟು ಇರುವುದರಿಂದ, ಒಬ್ಬ ವ್ಯಕ್ತಿ ಕುಳಿತಲ್ಲಿಂದ ಕಾಣುವುದೆಲ್ಲವನ್ನೂ ಪರಿಪ್ರೇಕ್ಷ್ಯ ಚಿತ್ರವೊಂದರಲ್ಲಿ ಹಿಡಿಯಲಾಗುವುದಿಲ್ಲ. ವಿಶಾಲ ಪ್ರಕ್ಷೇಪಣಗಳ ಅಗತ್ಯ ಉಂಟಾಗುವುದು ಇಲ್ಲಿಯೇ.

ತಂತ್ರಾಂಶದಲ್ಲಿ ಅಡಕವಾಗಿರುವ ನೋಟಗಳು

ರೇಡಿಯನ್ಸ್‌ನಲ್ಲಿ ನೋಟದ ವಿಧವನ್ನು ಒಂದೇ ಅಕ್ಷರದಿಂದ ಸೂಚಿಸಲಾಗುತ್ತದೆ. ಪರಿಪ್ರೇಕ್ಷ್ಯ ನೋಟಕ್ಕೆ 'ವಿ', ಸಮಾಂತರ ನೋಟಕ್ಕೆ 'ಎಲ್' ಎಂಬ ಅಕ್ಷರಗಳಿವೆ. ಇವುಗಳ ಜೊತೆಗೆ ನಾಲ್ಕು ವಿಶಾಲ ನೋಟಗಳಿವೆ.

ಸಿಲಿಂಡರ್ ಪನೋರಮಾ. ಇದರ ಅಕ್ಷರ 'ಸಿ'. ವೀಕ್ಷಕನನ್ನು ನಿಂತಿರುವ ಸಿಲಿಂಡರ್‌ನ ನಡುವೆ ಇರಿಸಿ, ಅದರ ಒಳಮೈ ಮೇಲೆ ಮೂಡಿದ ದೃಶ್ಯವನ್ನು ಬಿಡಿಸಿ ಹರಡಿದಂತೆ ಈ ನೋಟವಿರುತ್ತದೆ. ಅಡ್ಡ ದಿಕ್ಕಿನಲ್ಲಿ ದೂರವು ಕೋನಕ್ಕೆ ಅನುಪಾತದಲ್ಲಿರುತ್ತದೆ, ಆದುದರಿಂದ 360°ಯವರೆಗೂ ಹೋಗಬಹುದು. ಉದ್ದ ದಿಕ್ಕಿನಲ್ಲಿ ಇದು ಪರಿಪ್ರೇಕ್ಷ್ಯದಂತೆಯೇ ವರ್ತಿಸುತ್ತದೆ, ಅಂದರೆ ಎತ್ತರವು ಕೋನದ ಸ್ಪರ್ಶಕಕ್ಕೆ ಅನುಪಾತದಲ್ಲಿರುತ್ತದೆ. ಹೀಗಾಗಿ ಉದ್ದ ನೋಟಕೋನವು 180°ಯನ್ನು ಮುಟ್ಟಲಾರದು. ಗೋಡೆಗಳ ಲಂಬ ಅಂಚುಗಳು ನೆಟ್ಟಗೆ ಕಾಣುವುದು ಇದರ ಅನುಕೂಲ. ನೆತ್ತಿ ಮತ್ತು ನೆಲ ಚಿತ್ರದಿಂದ ಹೊರಗುಳಿಯುವುದು ಇದರ ಕೊರತೆ.

ಕೋನೀಯ ಮೀನುಗಣ್ಣು ನೋಟ. ಇದರ ಅಕ್ಷರ 'ಎ'. ಚಿತ್ರದ ನಡುಬಿಂದುವಿನಿಂದ ಇರುವ ದೂರವು ನಡುವಿನ ದಿಕ್ಕಿನಿಂದ ಇರುವ ಕೋನಕ್ಕೆ ನೇರ ಅನುಪಾತದಲ್ಲಿರುತ್ತದೆ. 360° ನೋಟಕೋನದಲ್ಲಿ ಇಡೀ ಗೋಳವು ಒಂದು ವೃತ್ತದೊಳಗೆ ಬರುತ್ತದೆ. ಆಗ ಬೆನ್ನ ಹಿಂದಿನ ಒಂದೇ ಬಿಂದುವು ವೃತ್ತದ ಸಂಪೂರ್ಣ ಪರಿಧಿಯಾಗಿ ಹರಡಿಕೊಳ್ಳುತ್ತದೆ. ಪಾಲ್ ಡೆಬೆವೆಕ್ ಅವರು 1998ರಲ್ಲಿ ನೈಜ ಪರಿಸರದ ಬೆಳಕಿನಿಂದ ಕೃತಕ ವಸ್ತುಗಳನ್ನು ಬೆಳಗಿಸುವ ವಿಧಾನವನ್ನು ಮಂಡಿಸಿದಾಗ ರೇಡಿಯನ್ಸ್‌ಅನ್ನೇ ಬಳಸಿದರು. ಅವರು ಹಂಚಿದ ಬೆಳಕಿನ ಚಿತ್ರಗಳು ಇದೇ ರೂಪದಲ್ಲಿದ್ದವು.

ಅರ್ಧಗೋಳದ ಮೀನುಗಣ್ಣು ನೋಟ. ಇದರ ಅಕ್ಷರ 'ಎಚ್'. ಅರ್ಧಗೋಳವನ್ನು ನೇರವಾಗಿ ಅದರ ತಳದ ವೃತ್ತದ ಮೇಲೆ ಇಳಿಸಿದಂತೆ ಇದು ಕಾಣುತ್ತದೆ. ದೂರವು ಕೋನದ ಸೈನ್‌ಗೆ ಅನುಪಾತದಲ್ಲಿದ್ದು, ಗರಿಷ್ಠ ನೋಟಕೋನ 180°. ಅಂಚಿನ ವಸ್ತುಗಳು ಬಹಳ ಒತ್ತಿಕೊಂಡು ಕಾಣುತ್ತವೆಯಾದರೂ ಈ ನೋಟಕ್ಕೆ ಒಂದು ವಿಶೇಷ ಗುಣವಿದೆ. ಮೇಲ್ಮೈಯ ಮೇಲೆ ಬೀಳುವ ಬೆಳಕನ್ನು ಲೆಕ್ಕ ಹಾಕುವಾಗ ಓರೆಯಾಗಿ ಬರುವ ಬೆಳಕಿನ ತೂಕವನ್ನು ಕೊಸೈನ್‌ನಿಂದ ತಗ್ಗಿಸಬೇಕಾಗುತ್ತದೆ. ಈ ಪ್ರಕ್ಷೇಪಣದಲ್ಲಿ ಆ ತಗ್ಗುವಿಕೆ ಚಿತ್ರದ ವಿಸ್ತೀರ್ಣದಲ್ಲಿಯೇ ಅಡಗಿದೆ. ಆದುದರಿಂದ ವೃತ್ತದೊಳಗಿನ ಸರಾಸರಿ ಲ್ಯೂಮಿನನ್ಸ್‌ಅನ್ನು π ಇಂದ ಗುಣಿಸಿದರೆ ಇಲ್ಯೂಮಿನನ್ಸ್ ದೊರೆಯುತ್ತದೆ. ಶಾಖದ ವಿನಿಮಯದ ಲೆಕ್ಕದಲ್ಲಿ ಇದೇ ತತ್ತ್ವವನ್ನು ವಿಲ್‌ಹೆಲ್ಮ್ ನುಸ್ಸೆಲ್ಟ್ ಅವರು 1928ರಲ್ಲಿ ನಿರೂಪಿಸಿದ್ದರು.

ಸ್ಟೀರಿಯೋಗ್ರಾಫಿಕ್ ಮೀನುಗಣ್ಣು ನೋಟ. ಇದರ ಅಕ್ಷರ 'ಎಸ್'. ಎರಡು ಕಣ್ಣುಗಳ ಜೋಡಿ ಚಿತ್ರಗಳೊಡನೆ ಗೊಂದಲವಾಗದಿರಲೆಂದು ತಂತ್ರಾಂಶದ ಕೈಪಿಡಿಯು ಇದನ್ನು ಪ್ಲಾನಿಸ್ಫೆರಿಕ್ ನೋಟವೆಂದು ಕರೆಯುತ್ತದೆ. ಇದು ರೇಖೆಗಳ ನಡುವಿನ ಕೋನಗಳನ್ನು ಕಾಪಾಡುತ್ತದೆ. ಗೋಳದ ಮೇಲಿನ ವೃತ್ತಗಳು ಚಿತ್ರದಲ್ಲಿಯೂ ವೃತ್ತಗಳಾಗಿ ಅಥವಾ ಸರಳರೇಖೆಗಳಾಗಿ ಉಳಿಯುತ್ತವೆ. ಆಕಾಶದಲ್ಲಿ ಸೂರ್ಯನ ದಿನದ ಪಥವು ಬಹುಮಟ್ಟಿಗೆ ವೃತ್ತಾಕಾರವಾದುದರಿಂದ, ಸೂರ್ಯಪಥದ ನಕ್ಷೆಗಳಿಗೆ ಈ ನೋಟವು ಸೂಕ್ತವಾಗಿದೆ. ಇದರ ನೋಟಕೋನವು 360°ಯ ಸಮೀಪದವರೆಗೆ ಹೋಗಬಹುದು, ಆದರೆ ಮಿತಿಯ ಹತ್ತಿರ ಹಿಗ್ಗುವಿಕೆ ವಿಪರೀತವಾಗುತ್ತದೆ.

ಅಕ್ಷಾಂಶ–ರೇಖಾಂಶ ಪ್ರಕ್ಷೇಪಣ

ಮೇಲಿನ ಪಟ್ಟಿಯಲ್ಲಿ ಇಲ್ಲದ, ಆದರೆ ಇಂದು ಹೆಚ್ಚು ಬಳಕೆಯಲ್ಲಿರುವ ರೂಪವೆಂದರೆ ಅಕ್ಷಾಂಶ–ರೇಖಾಂಶ ಪ್ರಕ್ಷೇಪಣ. ಇದರಲ್ಲಿ ಅಡ್ಡ ದೂರವು ರೇಖಾಂಶಕ್ಕೂ ಉದ್ದ ದೂರವು ಅಕ್ಷಾಂಶಕ್ಕೂ ನೇರ ಅನುಪಾತದಲ್ಲಿರುತ್ತವೆ. ಇಡೀ ಗೋಳವು 2:1 ಅನುಪಾತದ ಆಯತದಲ್ಲಿ ಬರುತ್ತದೆ. ಭೂಪಟಗಳಲ್ಲಿ ಇದರ ಬಳಕೆ ಪ್ರಾಚೀನವಾದುದು. ಕ್ರಿಸ್ತಶಕ ಸುಮಾರು 100ರಲ್ಲಿದ್ದ ಟೈರ್ ಪಟ್ಟಣದ ಮರೈನಸ್‌ನು ಇದನ್ನು ರೂಪಿಸಿದನೆಂದು ಹೇಳಲಾಗುತ್ತದೆ. ಪನೋರಮಾ ಛಾಯಾಚಿತ್ರಗಳನ್ನು ಜೋಡಿಸುವ ತಂತ್ರಾಂಶಗಳು, ಬ್ಲೆಂಡರ್‌ನ ಸೈಕಲ್ಸ್ ಎಂಬ ಚಿತ್ರಣ ವ್ಯವಸ್ಥೆ, ತಲೆಗೆ ಧರಿಸುವ ವರ್ಚುವಲ್ ರಿಯಾಲಿಟಿ ಪರದೆಗಳ ವೀಕ್ಷಕಗಳು ಈ ರೂಪವನ್ನು ಬೆಂಬಲಿಸುತ್ತವೆ. ವಾಸ್ತುಶಿಲ್ಪಿಯೊಬ್ಬರು ಇನ್ನೂ ಕಟ್ಟದಿರುವ ಕೋಣೆಯೊಳಗೆ ನಿಂತು ಸುತ್ತಲೂ ನೋಡುವ ಅನುಭವವನ್ನು ಪಡೆಯಲು ಸಿಮ್ಯುಲೇಶನ್‌ನ ಫಲಿತಾಂಶವು ಈ ರೂಪದಲ್ಲಿರುವುದು ಅನುಕೂಲಕರ.

ಇದರ ಮುಖ್ಯ ದೋಷವು ಧ್ರುವಗಳಲ್ಲಿದೆ. ನೆತ್ತಿಯ ಒಂದೇ ಬಿಂದುವು ಚಿತ್ರದ ಮೇಲಂಚಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಪಿಕ್ಸೆಲ್‌ನ ಘನಕೋನವು ದಿಗಂತದಿಂದ ಅದಕ್ಕಿರುವ ಎತ್ತರದ ಕೋನದ ಕೊಸೈನ್‌ಗೆ ಅನುಗುಣವಾಗಿ ಕುಗ್ಗುತ್ತ ಹೋಗುತ್ತದೆ. ಉದಾಹರಣೆಗೆ, 4096×2048 ಪಿಕ್ಸೆಲ್‌ಗಳ ಚಿತ್ರದಲ್ಲಿ ಪ್ರತಿ ಪಿಕ್ಸೆಲ್ ಸುಮಾರು 0.088°ಯಷ್ಟಿರುತ್ತದೆ. ಸೂರ್ಯಬಿಂಬದ ವ್ಯಾಸ ಸುಮಾರು 0.53°. ದಿಗಂತದಲ್ಲಿರುವ ಸೂರ್ಯನು ಈ ಚಿತ್ರದಲ್ಲಿ ಸುಮಾರು 6 ಪಿಕ್ಸೆಲ್ ಅಗಲವಾಗಿದ್ದರೆ, 60° ಎತ್ತರದಲ್ಲಿರುವ ಸೂರ್ಯನು ಸುಮಾರು 12 ಪಿಕ್ಸೆಲ್ ಅಗಲವಾಗುತ್ತಾನೆ. ಸೂರ್ಯನ ಗಾತ್ರ ಬದಲಾಗಿಲ್ಲ, ಪಿಕ್ಸೆಲ್‌ನ ಅರ್ಥ ಬದಲಾಗಿದೆ. ಉಷ್ಣವಲಯದಲ್ಲಿ ಇದು ಅಪರೂಪದ ಸಂದರ್ಭವಲ್ಲ. ಸುಮಾರು 13° ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಕೊನೆಯ ಭಾಗದಲ್ಲಿ ಒಮ್ಮೆ, ಆಗಸ್ಟ್ ತಿಂಗಳಲ್ಲಿ ಮತ್ತೊಮ್ಮೆ ನಡುಹಗಲಿನ ಸೂರ್ಯನು ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಬರುತ್ತಾನೆ. ಅಂತಹ ದಿನದ ಹೊರಾಂಗಣ ಚಿತ್ರದಲ್ಲಿ ಸೂರ್ಯನು ಮೇಲಂಚಿನ ಉದ್ದಕ್ಕೂ ಎಳೆದ ಬಿಳಿಯ ಪಟ್ಟಿಯಂತೆ ಕಾಣುತ್ತಾನೆ.

ಹೊಸ ಪ್ರಕ್ಷೇಪಣವನ್ನು ಸೇರಿಸುವ ಕ್ರಮ

ರೇಡಿಯನ್ಸ್‌ನ ಮೂಲ ಸಂಕೇತದಲ್ಲಿ ನೋಟಕ್ಕೆ ಸಂಬಂಧಿಸಿದ ಗಣಿತವು ಎಲ್ಲ ಉಪಕರಣಗಳಿಗೂ ಸಾಮಾನ್ಯವಾದ ಒಂದು ಸಂಗ್ರಹದಲ್ಲಿದೆ. ನೋಟವೊಂದನ್ನು ಅದರ ವಿಧ, ವೀಕ್ಷಕನ ಸ್ಥಾನ, ನೋಟದ ದಿಕ್ಕು, ಮೇಲ್ಮುಖ ದಿಕ್ಕು, ಅಡ್ಡ ಮತ್ತು ಉದ್ದ ನೋಟಕೋನಗಳು ಮುಂತಾದ ವಿವರಗಳಿಂದ ನಿರೂಪಿಸಲಾಗುತ್ತದೆ. ಹೊಸ ವಿಧವೊಂದನ್ನು ಸೇರಿಸಬೇಕಾದರೆ ಮುಖ್ಯವಾಗಿ ಮೂರು ಫಂಕ್ಷನ್‌ಗಳನ್ನು ವಿಸ್ತರಿಸಬೇಕಾಗುತ್ತದೆ.

ಮೊದಲನೆಯದು ಸೆಟ್‌ವ್ಯೂ. ಇದು ಬಳಕೆದಾರರು ಕೊಟ್ಟ ವಿವರಗಳು ಸಾಧುವೇ ಎಂದು ಪರಿಶೀಲಿಸಿ, ಮುಂದಿನ ಲೆಕ್ಕಕ್ಕೆ ಬೇಕಾದ ದಿಕ್ಕುಗಳನ್ನು ಸಿದ್ಧಪಡಿಸುತ್ತದೆ. ಪ್ರತಿ ಪ್ರಕ್ಷೇಪಣದ ಕೋನಮಿತಿಯನ್ನು ಇಲ್ಲಿಯೇ ವಿಧಿಸಬೇಕು. ಚಿತ್ರದ ಅಗಲ ಮತ್ತು ಎತ್ತರಗಳ ಅನುಪಾತವೂ ಇಲ್ಲಿಯೇ ನಿರ್ಧಾರವಾಗುತ್ತದೆ. 360° ಅಗಲ, 90° ಎತ್ತರದ ಸಿಲಿಂಡರ್ ನೋಟದ ಅನುಪಾತವು π:1. ಎತ್ತರವನ್ನು 160°ಗೆ ಏರಿಸಿದರೆ ಚಿತ್ರದ ಎತ್ತರವು ಅಗಲವನ್ನೂ ಮೀರುತ್ತದೆ. ಅಕ್ಷಾಂಶ–ರೇಖಾಂಶ ನೋಟವಾದರೆ ಈ ಅನುಪಾತವು ಕೋನಗಳ ಅನುಪಾತವೇ ಆಗಿರುತ್ತದೆ.

ಎರಡನೆಯದು ವ್ಯೂರೇ. ಚಿತ್ರದ ಮೇಲಿನ ಸ್ಥಾನವನ್ನು ಕೊಟ್ಟರೆ ಅಲ್ಲಿಂದ ಹೊರಡುವ ಕಿರಣದ ಮೂಲಬಿಂದುವನ್ನೂ ದಿಕ್ಕನ್ನೂ ಇದು ಮರಳಿಸುತ್ತದೆ. ಸಿಲಿಂಡರ್ ನೋಟದಲ್ಲಿ ಅಡ್ಡ ಸ್ಥಾನವನ್ನು ಕೋನವಾಗಿ ಬದಲಾಯಿಸಿ, ಅದರ ಕೊಸೈನ್ ಮತ್ತು ಸೈನ್‌ಗಳಿಂದ ದಿಕ್ಕನ್ನು ರಚಿಸಿ, ಉದ್ದ ಸ್ಥಾನವನ್ನು ಅದಕ್ಕೆ ಕೂಡಿಸಲಾಗುತ್ತದೆ. ಅಕ್ಷಾಂಶ–ರೇಖಾಂಶ ನೋಟಕ್ಕೆ ಉದ್ದ ಸ್ಥಾನವನ್ನೂ ಕೋನವನ್ನಾಗಿಸಬೇಕು. ಪ್ರಕ್ಷೇಪಣದ ಹೊರಗೆ ಬೀಳುವ ಸ್ಥಾನಕ್ಕೆ ಋಣ ಬೆಲೆಯನ್ನು ಮರಳಿಸಬೇಕು. ಅಂತಹ ಪಿಕ್ಸೆಲ್ ಚಿತ್ರದಲ್ಲಿ ಕಪ್ಪಾಗಿ ಉಳಿಯುತ್ತದೆ.

ಮೂರನೆಯದು ವ್ಯೂಲೋಕ್. ಇದು ವಿಲೋಮ ಕ್ರಿಯೆ. ಜಗತ್ತಿನ ಬಿಂದುವೊಂದನ್ನು ಕೊಟ್ಟರೆ ಅದು ಚಿತ್ರದ ಯಾವ ಸ್ಥಾನದಲ್ಲಿ ಕಾಣುತ್ತದೆ ಎಂಬುದನ್ನು ತಿಳಿಸುತ್ತದೆ. ಚಿತ್ರ ರಚನೆಗಷ್ಟೇ ಗಮನ ಕೊಡುವವರು ಇದನ್ನು ಕಡೆಗಣಿಸುವ ಸಂಭವವಿದೆ, ಏಕೆಂದರೆ ಇದಿಲ್ಲದೆಯೂ ಚಿತ್ರ ಮೂಡುತ್ತದೆ. ಆದರೆ ಒಂದು ನೋಟದ ಚಿತ್ರವನ್ನು ಮತ್ತೊಂದು ನೋಟಕ್ಕೆ ಪರಿವರ್ತಿಸುವ ಪಿಂಟರ್ಪ್‌ನಂತಹ ಉಪಕರಣಗಳು ಈ ವಿಲೋಮವನ್ನೇ ಅವಲಂಬಿಸಿವೆ.

ಗಣಿತವು ಒಂದೇ ಕಡೆ ಇರುವುದರಿಂದ ಒಂದು ಪ್ರಯೋಜನವಿದೆ. ಈ ಮೂರು ಫಂಕ್ಷನ್‌ಗಳು ಸರಿಯಾಗಿದ್ದರೆ, ಅವುಗಳ ಮೂಲಕವೇ ನೋಟವನ್ನು ಅರ್ಥೈಸುವ ಉಪಕರಣಗಳಿಗೆ ಪ್ರತ್ಯೇಕ ತಿದ್ದುಪಡಿ ಬಹುಮಟ್ಟಿಗೆ ಬೇಕಾಗುವುದಿಲ್ಲ. ಪಿಕಾಂಬ್ ಪ್ರತಿ ಪಿಕ್ಸೆಲ್‌ನ ದಿಕ್ಕನ್ನೂ ಘನಕೋನವನ್ನೂ ಬಳಕೆದಾರರ ಸೂತ್ರಗಳಿಗೆ ಒದಗಿಸುವುದು ಚಿತ್ರದಲ್ಲಿ ದಾಖಲಾದ ನೋಟದ ಆಧಾರದ ಮೇಲೆಯೇ.

ಈ ದಾಖಲೆಯು ಚಿತ್ರದ ಕಡತದ ಆರಂಭದಲ್ಲಿರುವ ಹೆಡರ್‌ನಲ್ಲಿ ಪಠ್ಯರೂಪದಲ್ಲಿ ಇರುತ್ತದೆ. ಚಿತ್ರ ರಚಿಸಿದ ಉಪಕರಣವು ನೋಟದ ವಿಧ, ಸ್ಥಾನ, ದಿಕ್ಕು ಮತ್ತು ಕೋನಗಳನ್ನು ಅಲ್ಲಿ ಬರೆಯುತ್ತದೆ, ಮುಂದಿನ ಉಪಕರಣವು ಅದನ್ನು ಓದುತ್ತದೆ. ಹೊಸ ಅಕ್ಷರವನ್ನು ಸೇರಿಸಿದಾಗ ಹಳೆಯ ಆವೃತ್ತಿಯ ಉಪಕರಣಗಳು ಆ ಅಕ್ಷರವನ್ನು ಗುರುತಿಸಲಾರವು. ಆದುದರಿಂದ ಈಗಾಗಲೇ ಬಳಕೆಯಲ್ಲಿರುವ ಅಕ್ಷರಕ್ಕೆ ಹೊಸ ಅರ್ಥವನ್ನು ಕೊಡುವುದು ಸಲ್ಲದು. ಹಾಗೆ ಮಾಡಿದರೆ ಹಳೆಯ ಚಿತ್ರಗಳೆಲ್ಲ ಸದ್ದಿಲ್ಲದೆ ತಪ್ಪಾಗಿ ಓದಲ್ಪಡುತ್ತವೆ.

ಮೂಲ ಸಂಕೇತವನ್ನು ಮುಟ್ಟದ ಮಾರ್ಗ

ಆರ್‌ಟ್ರೇಸ್ ಉಪಕರಣವು ಚಿತ್ರದ ಪರಿಕಲ್ಪನೆಗೆ ಬದ್ಧವಾಗಿಲ್ಲ. ಅದಕ್ಕೆ ಬೇಕಾದುದು ಕಿರಣಗಳ ಪಟ್ಟಿ ಮಾತ್ರ. ಆದುದರಿಂದ ಬಳಕೆದಾರರು ತಮಗೆ ಬೇಕಾದ ಪ್ರಕ್ಷೇಪಣದ ಕಿರಣಗಳನ್ನು ಬೇರೊಂದು ಸೂತ್ರದಿಂದ ಸಿದ್ಧಪಡಿಸಿ, ಆರ್‌ಟ್ರೇಸ್‌ಗೆ ಒದಗಿಸಿ, ಫಲಿತಾಂಶವನ್ನು ಚಿತ್ರವಾಗಿ ಜೋಡಿಸಬಹುದು. ಅಕ್ಷಾಂಶ–ರೇಖಾಂಶ ಚಿತ್ರಗಳನ್ನು ಈ ಮಾರ್ಗದಲ್ಲಿ ಪಡೆಯಲು ಸಾಧ್ಯ. ಅಡಕವಾಗಿರುವ ನೋಟಗಳಿಗೆ ಕಿರಣಗಳ ಪಟ್ಟಿಯನ್ನು ಸಿದ್ಧಪಡಿಸಿಕೊಡುವ ವಿಡಬ್ಲ್ಯೂರೇಸ್ ಎಂಬ ಉಪಕರಣವೂ ಇದೆ.

ಈ ಮಾರ್ಗಕ್ಕೆ ಎರಡು ಮಿತಿಗಳಿವೆ. ಆರ್‌ಪಿಕ್ಟ್ ಪ್ರತಿ ಪಿಕ್ಸೆಲ್‌ಗೂ ಕಿರಣ ಕಳುಹಿಸದೆ, ಬದಲಾವಣೆ ಕಡಿಮೆ ಇರುವಲ್ಲಿ ನೆರೆಯ ಬೆಲೆಗಳಿಂದ ತುಂಬುವ ಮೂಲಕ ಸಮಯವನ್ನು ಉಳಿಸುತ್ತದೆ. ಬರಿಯ ಕಿರಣಗಳ ಪಟ್ಟಿಯನ್ನು ಓದುವ ಆರ್‌ಟ್ರೇಸ್‌ಗೆ ಈ ಅನುಕೂಲವಿಲ್ಲ. ಎರಡನೆಯದಾಗಿ, ಹೀಗೆ ಜೋಡಿಸಿದ ಚಿತ್ರದ ಹೆಡರ್‌ನಲ್ಲಿ ನೋಟದ ದಾಖಲೆ ಇರುವುದಿಲ್ಲ, ಏಕೆಂದರೆ ಅದನ್ನು ಸೂಚಿಸುವ ಅಕ್ಷರವೇ ಇಲ್ಲ. ಚಿತ್ರ ನೋಡಲು ಸುಂದರವಾಗಿದ್ದರೂ ಅಳತೆಯ ಉಪಕರಣಗಳಿಗೆ ಅದು ಅರ್ಥವಾಗುವುದಿಲ್ಲ. ಘನಕೋನದ ಹೊಣೆ ಸಂಪೂರ್ಣವಾಗಿ ಬಳಕೆದಾರರ ಮೇಲೆ ಬೀಳುತ್ತದೆ.

ಘನಕೋನದ ತಿದ್ದುಪಡಿ

ಪಿಕ್ಸೆಲ್‌ಗಳ ಘನಕೋನವನ್ನು ಗಮನಿಸದೆ ಎಲ್ಲವನ್ನೂ ನಡುವಿನ ಪಿಕ್ಸೆಲ್‌ನಷ್ಟೇ ದೊಡ್ಡವೆಂದು ಭಾವಿಸಿದರೆ ಉಂಟಾಗುವ ದೋಷವನ್ನು ಸುಲಭವಾಗಿ ಲೆಕ್ಕ ಹಾಕಬಹುದು. ಅರ್ಧಗೋಳದ ನೈಜ ಘನಕೋನ 6.28 ಸ್ಟೆರೇಡಿಯನ್. ತಿದ್ದುಪಡಿ ಇಲ್ಲದೆ ದೊರೆಯುವ ಬೆಲೆಗಳು ಹೀಗಿವೆ:

• ಕೋನೀಯ ಮೀನುಗಣ್ಣು: 7.75, ಅಂದರೆ ಸುಮಾರು ಶೇಕಡ 23ರಷ್ಟು ಹೆಚ್ಚು.
• ಅರ್ಧಗೋಳದ ಮೀನುಗಣ್ಣು: 3.14, ಅಂದರೆ ಅರ್ಧದಷ್ಟು ಮಾತ್ರ.
• ಸ್ಟೀರಿಯೋಗ್ರಾಫಿಕ್ ಮೀನುಗಣ್ಣು: 12.57, ಅಂದರೆ ಎರಡು ಪಟ್ಟು.
• ಅಕ್ಷಾಂಶ–ರೇಖಾಂಶ: 9.87, ಅಂದರೆ ಸುಮಾರು ಶೇಕಡ 57ರಷ್ಟು ಹೆಚ್ಚು.

ಇಲ್ಯೂಮಿನನ್ಸ್‌ನ ಲೆಕ್ಕದಲ್ಲಿ ದೋಷವು ಮೇಲ್ಮೈಯ ದಿಕ್ಕಿಗೆ ಅನುಗುಣವಾಗಿ ಬದಲಾಗುತ್ತದೆ. ಎಲ್ಲ ದಿಕ್ಕುಗಳಲ್ಲಿಯೂ ಚದರ ಮೀಟರಿಗೆ 1000 ಕ್ಯಾಂಡೆಲಾ ಲ್ಯೂಮಿನನ್ಸ್ ಇರುವ ಕಲ್ಪಿತ ಪರಿಸರವನ್ನು ಪರಿಗಣಿಸಬಹುದು. ಅಲ್ಲಿ ಯಾವ ದಿಕ್ಕಿಗೆ ಮುಖ ಮಾಡಿದ ಮೇಲ್ಮೈಗಾದರೂ ಇಲ್ಯೂಮಿನನ್ಸ್ ಸುಮಾರು 3142 ಲಕ್ಸ್ ಆಗಿರುತ್ತದೆ. ಅಕ್ಷಾಂಶ–ರೇಖಾಂಶ ಚಿತ್ರದಿಂದ ಅಕ್ಷಾಂಶದ ಕೊಸೈನ್ ತಿದ್ದುಪಡಿಯನ್ನು ಬಿಟ್ಟು ಲೆಕ್ಕ ಹಾಕಿದರೆ, ಗೋಡೆಯಂತಹ ಲಂಬ ಮೇಲ್ಮೈಗೆ 4000 ಲಕ್ಸ್, ಮೇಜಿನಂತಹ ಸಮತಲ ಮೇಲ್ಮೈಗೆ 6283 ಲಕ್ಸ್ ದೊರೆಯುತ್ತದೆ. ಮೇಜಿನ ಬೆಲೆ ನೇರವಾಗಿ ಎರಡು ಪಟ್ಟಾಗುತ್ತದೆ. ಚಿತ್ರದಲ್ಲಿ ಇದರ ಯಾವ ಕುರುಹೂ ಕಾಣುವುದಿಲ್ಲ.

ಘನಕೋನವನ್ನು ಪಡೆಯಲು ಎರಡು ವಿಧಾನಗಳಿವೆ. ಪ್ರಕ್ಷೇಪಣದ ಸೂತ್ರದಿಂದ ನೇರವಾಗಿ ಲೆಕ್ಕ ಹಾಕುವುದು ಒಂದು. ಪಿಕ್ಸೆಲ್‌ನ ಮೂಲೆಗಳಿಗೆ ಹೋಗುವ ಕಿರಣಗಳ ದಿಕ್ಕುಗಳನ್ನು ಪಡೆದು, ಅವುಗಳ ನಡುವಿನ ಚಿಕ್ಕ ಚತುರ್ಭುಜದ ವಿಸ್ತೀರ್ಣವನ್ನು ಕಂಡುಹಿಡಿಯುವುದು ಮತ್ತೊಂದು. ಎರಡನೆಯ ವಿಧಾನವು ಎಲ್ಲ ಪ್ರಕ್ಷೇಪಣಗಳಿಗೂ ಅನ್ವಯಿಸುತ್ತದೆ. ಆದರೆ ಧ್ರುವಗಳಲ್ಲಿ ಮತ್ತು ನೋಟದ ಅಂಚುಗಳಲ್ಲಿ ಎಚ್ಚರಿಕೆ ಅಗತ್ಯ.

ಅಂಚುಗಳಿಗೆ ಸಂಬಂಧಿಸಿದ ಮತ್ತೊಂದು ಸೂಕ್ಷ್ಮವೂ ಇದೆ. 180° ಕೋನೀಯ ಮೀನುಗಣ್ಣು ನೋಟವನ್ನು ಚೌಕ ಚಿತ್ರವಾಗಿ ರಚಿಸಿದಾಗ ರೇಡಿಯನ್ಸ್ ವೃತ್ತದ ಹೊರಗಿನ ಮೂಲೆಗಳನ್ನು ಕಪ್ಪಾಗಿ ಬಿಡುವುದಿಲ್ಲ. ಆ ಮೂಲೆಗಳಲ್ಲಿ ನಡುವಿನ ದಿಕ್ಕಿನಿಂದ 127°ಯವರೆಗಿನ, ಅಂದರೆ ವೀಕ್ಷಕನ ಬೆನ್ನ ಹಿಂದಿನ ದೃಶ್ಯ ಮೂಡಿರುತ್ತದೆ. ಕಣ್ಣಿನ ಮೇಲೆ ಬೀಳುವ ಬೆಳಕನ್ನು ಲೆಕ್ಕ ಹಾಕುವಾಗ ಆ ಭಾಗವನ್ನು ಕೈಬಿಡಬೇಕಾಗುತ್ತದೆ.

ಪರೀಕ್ಷೆಯ ವಿಧಾನಗಳು

ಹೊಸ ಪ್ರಕ್ಷೇಪಣವು ಸರಿಯಾಗಿದೆಯೇ ಎಂಬುದನ್ನು ಚಿತ್ರವನ್ನು ಕಣ್ಣಿನಿಂದ ನೋಡಿ ನಿರ್ಧರಿಸುವುದು ಸಾಲದು. ಉತ್ತರವು ಮೊದಲೇ ತಿಳಿದಿರುವ ಸರಳ ಸಂದರ್ಭಗಳಿಂದ ಪರೀಕ್ಷಿಸುವುದು ಉತ್ತಮ ಕ್ರಮ.

• ಹೋಗಿ ಬರುವ ಪರೀಕ್ಷೆ: ಪಿಕ್ಸೆಲ್‌ನಿಂದ ಕಿರಣವನ್ನು ಪಡೆದು, ಆ ಕಿರಣದ ಮೇಲಿನ ಬಿಂದುವಿನಿಂದ ಮರಳಿ ಪಿಕ್ಸೆಲ್‌ಅನ್ನು ಪಡೆಯಬೇಕು. ಎರಡೂ ಹೊಂದಿಕೆಯಾಗಬೇಕು.
• ಮೊತ್ತದ ಪರೀಕ್ಷೆ: ಇಡೀ ಗೋಳವನ್ನು ತೋರಿಸುವ ನೋಟದ ಎಲ್ಲ ಪಿಕ್ಸೆಲ್‌ಗಳ ಘನಕೋನಗಳ ಮೊತ್ತ 12.57ಕ್ಕೆ ಸಮೀಪವಿರಬೇಕು.
• ಏಕರೂಪದ ಪರಿಸರದ ಪರೀಕ್ಷೆ: ಎಲ್ಲೆಡೆ ಸಮಾನ ಲ್ಯೂಮಿನನ್ಸ್ ಇರುವಾಗ ಇಲ್ಯೂಮಿನನ್ಸ್ ಅದರ π ಪಟ್ಟು ಬರಬೇಕು.
• ಸುತ್ತಿಸುವ ಪರೀಕ್ಷೆ: ಚಿಕ್ಕ ಬೆಳಕಿನ ಮೂಲವೊಂದನ್ನು ಸ್ಥಿರವಾಗಿಟ್ಟು ನೋಟದ ದಿಕ್ಕನ್ನು ಬದಲಾಯಿಸಿದಾಗ, ಆ ಮೂಲದ ಒಟ್ಟು ಘನಕೋನವು ಬದಲಾಗಬಾರದು.
• ದಿಕ್ಕಿನ ಪರೀಕ್ಷೆ: ಎಡಬಲ ಅದಲುಬದಲಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಮೊದಲ ನಾಲ್ಕು ಪರೀಕ್ಷೆಗಳಲ್ಲಿ ಗೆದ್ದ ಪ್ರಕ್ಷೇಪಣವೂ ಕನ್ನಡಿಯ ಬಿಂಬದಂತೆ ತಿರುಗಿರಬಹುದು.

ಕಣ್ಣು ಕುಕ್ಕುವಿಕೆಯ ಲೆಕ್ಕದಲ್ಲಿ ಪ್ರಾಮುಖ್ಯ

ಪ್ರಕ್ಷೇಪಣದ ನಿಖರತೆಯ ಪರಿಣಾಮವು ಸ್ಪಷ್ಟವಾಗಿ ಕಾಣುವುದು ಕಣ್ಣು ಕುಕ್ಕುವಿಕೆಯ ಲೆಕ್ಕದಲ್ಲಿ. ಕಿಟಕಿಯ ಬಳಿ ಕೆಲಸ ಮಾಡುವವರಿಗೆ ಹಗಲು ಬೆಳಕು ತೊಂದರೆ ಕೊಡುವ ಸಾಧ್ಯತೆಯನ್ನು ಅಂದಾಜಿಸಲು ಯಾನ್ ವೀನೋಲ್ಡ್ ಮತ್ತು ಯೆನ್ಸ್ ಕ್ರಿಸ್ಟೋಫರ್ಸನ್ ಅವರು 2006ರಲ್ಲಿ ಡಿಜಿಪಿ ಎಂಬ ಸೂಚ್ಯಂಕವನ್ನು ಮಂಡಿಸಿದರು. ಹಗಲು ಬೆಳಕಿಗೆ ಸಂಬಂಧಿಸಿದ 2018ರ ಯುರೋಪಿಯನ್ ಮಾನದಂಡ ಇಎನ್ 17037 ಇದನ್ನು ಬಳಸುತ್ತದೆ. ವೀನೋಲ್ಡ್ ಅವರು ರಚಿಸಿದ ಇವಾಲ್‌ಗ್ಲೇರ್ ಎಂಬ ಉಪಕರಣವು ರೇಡಿಯನ್ಸ್ ಚಿತ್ರವನ್ನು ಓದಿ ಈ ಸೂಚ್ಯಂಕವನ್ನು ಲೆಕ್ಕ ಹಾಕುತ್ತದೆ. ಇದಕ್ಕೆ ಸಾಮಾನ್ಯವಾಗಿ 180° ಮೀನುಗಣ್ಣು ಚಿತ್ರವನ್ನು ಒದಗಿಸಲಾಗುತ್ತದೆ.

ಡಿಜಿಪಿ ಸೂತ್ರದಲ್ಲಿ ಮೂರು ಭಾಗಗಳಿವೆ: ಕಣ್ಣಿನ ಮಟ್ಟದ ಲಂಬ ಇಲ್ಯೂಮಿನನ್ಸ್‌ಅನ್ನು 0.0000587ರಿಂದ ಗುಣಿಸಿದ ಪದ, ಪ್ರತಿ ಪ್ರಖರ ಮೂಲದ ಲ್ಯೂಮಿನನ್ಸ್, ಘನಕೋನ ಮತ್ತು ದೃಷ್ಟಿಕ್ಷೇತ್ರದಲ್ಲಿನ ಸ್ಥಾನಗಳನ್ನು ಒಳಗೊಂಡ ಲಾಗರಿದಮ್ ಪದ, ಮತ್ತು 0.16 ಎಂಬ ಸ್ಥಿರಾಂಕ. ಫಲಿತಾಂಶವು 0.35ಕ್ಕಿಂತ ಕಡಿಮೆಯಿದ್ದರೆ ತೊಂದರೆ ಅರಿವಿಗೆ ಬಾರದು, 0.35ರಿಂದ 0.40ರವರೆಗೆ ಅರಿವಿಗೆ ಬರುತ್ತದೆ, 0.40ರಿಂದ 0.45ರವರೆಗೆ ಕಿರಿಕಿರಿಯಾಗುತ್ತದೆ, 0.45ನ್ನು ಮೀರಿದರೆ ಸಹಿಸಲಾಗದು ಎಂದು ವರ್ಗೀಕರಿಸಲಾಗಿದೆ.

ಒಂದು ದರ್ಜೆಗೂ ಮತ್ತೊಂದಕ್ಕೂ ಇರುವ ಅಂತರ 0.05 ಮಾತ್ರ. ಕಣ್ಣಿನ ಮಟ್ಟದ ನೈಜ ಇಲ್ಯೂಮಿನನ್ಸ್ 3000 ಲಕ್ಸ್ ಇರುವಲ್ಲಿ, ಮೇಲೆ ಹೇಳಿದ ಏಕರೂಪದ ಪರಿಸರದ ದೋಷದಂತೆ 3820 ಲಕ್ಸ್ ಎಂದು ಲೆಕ್ಕ ಬಂದರೆ, ಮೊದಲ ಪದವೊಂದೇ ಸುಮಾರು 0.048ರಷ್ಟು ಏರುತ್ತದೆ. ಕಿಟಕಿಯ ಗಾಜು, ಪರದೆ, ಬಿಸಿಲುತಡೆ ಮತ್ತು ಮೇಜಿನ ಸ್ಥಾನವನ್ನು ಇಂತಹ ಅಂಕಿಗಳ ಆಧಾರದ ಮೇಲೆ ನಿರ್ಧರಿಸಲಾಗುತ್ತದೆ. ಅಂಕಿ ತಪ್ಪಿದರೆ ಅನಗತ್ಯವಾಗಿ ಹಗಲು ಬೆಳಕನ್ನು ತಡೆದ ಕೋಣೆಯೋ, ಬಿಸಿಲಿನಲ್ಲಿ ಪರದೆ ಎಳೆದೇ ಕೂರಬೇಕಾದ ಕೋಣೆಯೋ ನಿರ್ಮಾಣವಾಗಬಹುದು. ಅದರ ಪರಿಣಾಮವನ್ನು ಅಲ್ಲಿ ವರ್ಷಗಟ್ಟಲೆ ಕೆಲಸ ಮಾಡುವವರು ಅನುಭವಿಸಬೇಕಾಗುತ್ತದೆ.

ಎರಡು ಕಣ್ಣುಗಳ ಪನೋರಮಾ

ವರ್ಚುವಲ್ ರಿಯಾಲಿಟಿ ಪರದೆಗಳಲ್ಲಿ ಆಳದ ಅನುಭವವನ್ನು ನೀಡಲು ಎಡಗಣ್ಣಿಗೂ ಬಲಗಣ್ಣಿಗೂ ಪ್ರತ್ಯೇಕ ಚಿತ್ರಗಳು ಬೇಕಾಗುತ್ತವೆ. ತಲೆಯನ್ನು ತಿರುಗಿಸಿದಂತೆ ಕಣ್ಣುಗಳ ಸ್ಥಾನವೂ ಬದಲಾಗುವುದರಿಂದ ಇಡೀ ಪನೋರಮಾಕ್ಕೆ ಒಂದೇ ವೀಕ್ಷಣಾ ಬಿಂದುವನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಸಾಮಾನ್ಯ ಪರಿಹಾರವೆಂದರೆ, ಕಣ್ಣುಗಳ ನಡುವಿನ ಅಂತರವನ್ನು ವ್ಯಾಸವಾಗುಳ್ಳ ಚಿಕ್ಕ ವೃತ್ತವನ್ನು ಕಲ್ಪಿಸಿ, ಚಿತ್ರದ ಪ್ರತಿ ಕಂಬಸಾಲಿನ ಕಿರಣಗಳನ್ನು ಆ ವೃತ್ತದ ಬೇರೆ ಬೇರೆ ಬಿಂದುಗಳಿಂದ ಸ್ಪರ್ಶಕದ ದಿಕ್ಕಿನಲ್ಲಿ ಕಳುಹಿಸುವುದು. ಒಂದು ಸ್ಥಾನ, ಒಂದು ದಿಕ್ಕು ಎಂಬ ಸಾಮಾನ್ಯ ನೋಟದ ನಿರೂಪಣೆಗೆ ಇದು ಒಗ್ಗುವುದಿಲ್ಲವಾದುದರಿಂದ, ಕಿರಣಗಳ ಪಟ್ಟಿಯನ್ನು ಆರ್‌ಟ್ರೇಸ್‌ಗೆ ಒದಗಿಸುವ ಮಾರ್ಗವೇ ಇಲ್ಲಿ ಸಹಜವಾದುದು.

ಮಿತಿಗಳು

ಯಾವ ಪ್ರಕ್ಷೇಪಣವೂ ಎಲ್ಲ ಉದ್ದೇಶಗಳಿಗೆ ಸಮನಾಗಿ ಒದಗುವುದಿಲ್ಲ. ಗೋಡೆಗಳ ಹೋಲಿಕೆಗೆ ಸಿಲಿಂಡರ್ ನೋಟ, ಸೂರ್ಯಪಥಕ್ಕೆ ಸ್ಟೀರಿಯೋಗ್ರಾಫಿಕ್, ಮೇಲ್ಮೈಯ ಬೆಳಕಿಗೆ ಅರ್ಧಗೋಳದ ನೋಟ, ಕಣ್ಣು ಕುಕ್ಕುವಿಕೆಗೆ ಕೋನೀಯ ಮೀನುಗಣ್ಣು, ಸುತ್ತಲೂ ನೋಡುವ ಅನುಭವಕ್ಕೆ ಅಕ್ಷಾಂಶ–ರೇಖಾಂಶ ರೂಪ ಹೆಚ್ಚು ಸೂಕ್ತ. ಒಂದು ರೂಪದಿಂದ ಮತ್ತೊಂದಕ್ಕೆ ಪರಿವರ್ತಿಸುವಾಗ ಪಿಕ್ಸೆಲ್‌ಗಳ ಬೆಲೆಗಳು ಸರಾಸರಿಗೊಳ್ಳುವುದರಿಂದ, ಸೂರ್ಯನಂತಹ ಚಿಕ್ಕ ಪ್ರಖರ ಮೂಲಗಳ ಗರಿಷ್ಠ ಬೆಲೆ ತಗ್ಗುವ ಸಂಭವವಿದೆ. 360° ಚಿತ್ರದ ಎಡ ಮತ್ತು ಬಲ ಅಂಚುಗಳು ವಾಸ್ತವದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದರೂ, ಅದನ್ನರಿಯದ ಶೋಧಕಗಳು ಅಲ್ಲಿ ಗೆರೆಯೊಂದನ್ನು ಉಳಿಸಬಹುದು. ಹೆಡರ್‌ಅನ್ನು ಉಳಿಸಿಕೊಳ್ಳದ ಬೇರೆ ತಂತ್ರಾಂಶದಲ್ಲಿ ಚಿತ್ರವನ್ನು ಕತ್ತರಿಸಿದರೆ ಅಥವಾ ತಿರುಗಿಸಿದರೆ ನೋಟದ ದಾಖಲೆ ಕಳೆದುಹೋಗುತ್ತದೆ. ಆ ನಂತರ ಚಿತ್ರವು ಕಣ್ಣಿಗೆ ಮೊದಲಿನಂತೆಯೇ ಕಂಡರೂ ಅಳತೆಗೆ ಉಪಯುಕ್ತವಾಗಿ ಉಳಿಯುವುದಿಲ್ಲ.